ರಸ್ತೆಯಾಗಿ ಉಳಿದ ಹಾರಾಟಗಾರ ಸುರಂಜನ್ ದಾಸ್

ಬೆಂಗಳೂರಿನವರಿಗೆ ಸುರಂಜನ್ ದಾಸ್ ಅಂದರೆ ಒಂದು ರಸ್ತೆ. ಹಳೇ ಮದರಾಸು ರಸ್ತೆಯನ್ನೂ ಎಚ್‌ಎಎಲ್ ಕಡೆಯ ಹಳೇ ಏರ್‌ಪೋರ್ಟ್ ರಸ್ತೆಯನ್ನೂ ಕೂಡಿಸುವ ರಸ್ತೆ. ಬೆಳಿಗ್ಗೆ ಸಂಜೆ ಅದರಲ್ಲಿ ಸಿಕ್ಕಿಬಿದ್ದವರು ಆ ಹೆಸರನ್ನು ದಿನಕ್ಕೆ ಹತ್ತು ಸಲ ಶಪಿಸುತ್ತಾರೆ. ಬಾಡಿಗೆ ಮನೆ ಬೋರ್ಡಿನಲ್ಲಿ, ಆಟೋ ಮೀಟರಿನ ಜಗಳದಲ್ಲಿ, ಕೊರಿಯರ್ ವಿಳಾಸದಲ್ಲಿ ಆ ಹೆಸರು ಓಡಾಡುತ್ತಲೇ ಇದೆ. ಆದರೆ ಈ ದಾಸ್ ಯಾರು ಅಂತ ಕೇಳಿದರೆ ಬಹಳ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಯಾರೋ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ ಇರಬೇಕು ಅನ್ನುವವರೂ ಇದ್ದಾರೆ.

ಆ ಊಹೆ ಪೂರ್ತಿ ಸುಳ್ಳೇನಲ್ಲ. ದೇಶಬಂಧು ಚಿತ್ತರಂಜನ್ ದಾಸ್ ಬಂದ ತೇಲಿರ್‌ಬಾಗ್ ದಾಸ್ ಮನೆತನವೇ ಇವರದೂ. ಆದರೆ ಸುರಂಜನ್ ದಾಸ್ ಜೈಲಿಗೆ ಹೋದವರಲ್ಲ, ಭಾಷಣ ಮಾಡಿದವರಲ್ಲ. ಯಾರೂ ಅದುವರೆಗೆ ಹಾರಿಸಿರದ ವಿಮಾನದಲ್ಲಿ ಮೊದಲು ಕೂತು, ಅದು ಹಾರುತ್ತದೋ ಬೀಳುತ್ತದೋ ಅಂತ ನೋಡಿ ಹೇಳುವ ಕೆಲಸ ಅವರದು. ಅದಕ್ಕೆ ಪರೀಕ್ಷಾ ಪೈಲಟ್ ಅನ್ನುತ್ತಾರೆ. ಆ ಕೆಲಸದಲ್ಲೇ 1970ರ ಜನವರಿ 10ರಂದು ಇದೇ ಬೆಂಗಳೂರಿನಲ್ಲಿ ಅವರು ಪ್ರಾಣ ಬಿಟ್ಟರು.

ದೊಡ್ಡ ಮನೆಯ ಮಗ

ಸುರಂಜನ್ ದಾಸ್ 1920ರಲ್ಲಿ ಹುಟ್ಟಿದವರು. ತಂದೆ ಸುಧಿ ರಂಜನ್ ದಾಸ್ ಸಾಮಾನ್ಯರಲ್ಲ. ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರ ಬಳಿ ಓದಿದವರು, ವಕೀಲರಾಗಿ ನ್ಯಾಯಾಧೀಶರಾಗಿ ಮೇಲೇರಿ 1956ರಿಂದ 1959ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿ ಪೀಠದಲ್ಲಿ ಕೂತವರು. ಆಮೇಲೆ ವಿಶ್ವಭಾರತಿಯ ಕುಲಪತಿಯಾದರು. ಸುರಂಜನ್‌ರ ತಂಗಿಯ ಗಂಡ ಅಶೋಕ್ ಕುಮಾರ್ ಸೇನ್, ನೆಹರೂ ಸಂಪುಟದಲ್ಲಿ ಕಾನೂನು ಸಚಿವ.

ಒಬ್ಬರ ಅಪ್ಪ ಮುಖ್ಯ ನ್ಯಾಯಮೂರ್ತಿ, ಭಾವ ಕಾನೂನು ಮಂತ್ರಿ ಅಂದರೆ ನಮ್ಮ ಕಡೆ ಆ ಹುಡುಗನಿಗೆ ಏನೇನು ಸಿಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಕರಿಕೋಟು ತೊಟ್ಟು ಕಲ್ಕತ್ತೆಯ ಹೈಕೋರ್ಟಿನಲ್ಲಿ ಕೂತಿದ್ದರೂ ಸಾಕಿತ್ತು, ಕಕ್ಷಿಗಾರರು ಮನೆ ಬಾಗಿಲಿಗೆ ಬರುತ್ತಿದ್ದರು. ಸುರಂಜನ್ ಹಿಡಿದದ್ದು ಬೇರೆ ದಾರಿ. ಎರಡನೇ ಮಹಾಯುದ್ಧದ ಕಾಲದಲ್ಲೇ ವಾಯುಪಡೆ ಸೇರಿದರು.

ಯುದ್ಧ ಮುಗಿಯಿತು, ದೇಶಕ್ಕೆ ಸ್ವಾತಂತ್ರ್ಯ ಬಂತು. ಹೊಸ ದೇಶಕ್ಕೆ ವಿಮಾನ ಹಾರಿಸುವವರು ಇದ್ದರು, ಆದರೆ ವಿಮಾನವನ್ನು ಪರೀಕ್ಷಿಸುವ ಶಾಸ್ತ್ರ ಕಲಿತವರು ಇರಲಿಲ್ಲ. ಎರಡಕ್ಕೂ ಅಜಗಜಾಂತರ. ಸಾಮಾನ್ಯ ಪೈಲಟ್‌ಗೆ ಕೈಪಿಡಿ ಇರುತ್ತದೆ. ಇಷ್ಟು ವೇಗ ದಾಟಬೇಡ, ಇಷ್ಟು ಕಡಿದಾಗಿ ತಿರುಗಿಸಬೇಡ ಅಂತ ಅದರಲ್ಲಿ ಬರೆದಿರುತ್ತದೆ. ಆ ಕೈಪಿಡಿಯಲ್ಲಿ ಬರೆಯಬೇಕಾದ ಅಂಕಿ ಎಲ್ಲಿಂದ ಬರಬೇಕು? ಯಾರೋ ಒಬ್ಬ ಆ ಗಡಿಯವರೆಗೆ ಹೋಗಿ, ಅಲ್ಲಿ ವಿಮಾನ ಹೇಗೆ ನಡುಗುತ್ತದೆ, ಹೇಗೆ ಹಠ ಮಾಡುತ್ತದೆ ಅಂತ ಕಂಡು, ಬದುಕಿ ವಾಪಸು ಬಂದು ಬರೆದುಕೊಡಬೇಕು. ಈ ವಿದ್ಯೆ ಕಲಿಸುವ ಶಾಲೆ ಆಗ ಬ್ರಿಟನ್ನಿನ ಫಾರ್ನ್‌ಬರೋದಲ್ಲಿತ್ತು. ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್ ಅಂತ ಹೆಸರು. ಅಲ್ಲಿ ಕಲಿತು ಬಂದ ಮೊದಮೊದಲ ಭಾರತೀಯರಲ್ಲಿ ಸುರಂಜನ್ ದಾಸ್ ಒಬ್ಬರು.

ಹಾಗೆ ಕಲಿತು ಬಂದವರಿಗೆ ಕೆಲಸ ಇದ್ದ ಊರು ಬೆಂಗಳೂರು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಇಲ್ಲಿ ಹುಟ್ಟುಹಾಕಿದ ಹಿಂದುಸ್ತಾನ್ ವಿಮಾನ ಕಾರ್ಖಾನೆ ಆಗ ಸರ್ಕಾರದ್ದಾಗಿತ್ತು. ಡಾ. ವಿ.ಎಂ. ಘಾಟಗೆ ಅವರ ವಿನ್ಯಾಸದ ತರಬೇತಿ ವಿಮಾನ ಎಚ್‌ಟಿ-2, 1951ರಲ್ಲೇ ಹಾರಿತ್ತು. ಅದು ಪ್ರೊಪೆಲ್ಲರ್ ವಿಮಾನ. ಇನ್ನು ದೊಡ್ಡ ಆಸೆಯ ಸರದಿ.

ಜರ್ಮನಿಯವರು ಬಂದರು

ವಾಯುಪಡೆಗೆ ಸ್ವದೇಶಿ ಜೆಟ್ ಯುದ್ಧವಿಮಾನ ಬೇಕಿತ್ತು. ಕೇಳಿದ್ದೇನು ಸಣ್ಣದಲ್ಲ. ಶಬ್ದದ ಎರಡರಷ್ಟು ವೇಗ, 60,000 ಅಡಿ ಎತ್ತರ, 500 ಮೈಲಿ ಹೋಗಿ ಹೊಡೆದು ಹಿಂದಿರುಗುವ ತಾಕತ್ತು. ಜಗತ್ತಿನ ಮುಂದುವರಿದ ದೇಶಗಳೇ ಆಗಿನ್ನೂ ಈ ಲೆಕ್ಕಕ್ಕೆ ತಿಣುಕುತ್ತಿದ್ದವು.

ಈ ಕೆಲಸಕ್ಕೆ 1956ರಲ್ಲಿ ಬೆಂಗಳೂರಿಗೆ ಬಂದಿಳಿದವರು ಜರ್ಮನಿಯ ಕುರ್ಟ್ ಟ್ಯಾಂಕ್. ಹಿಟ್ಲರನ ಕಾಲದ ಹೆಸರಾಂತ ಯುದ್ಧವಿಮಾನ ಫೋಕ್-ವುಲ್ಫ್ 190 ಇವರ ಕೈಯಿಂದ ಬಂದದ್ದು. ಯುದ್ಧ ಸೋತ ಮೇಲೆ ಅರ್ಜೆಂಟೀನಕ್ಕೆ ಹೋಗಿ ಅಲ್ಲೂ ಒಂದು ಜೆಟ್ ಮಾಡಿದ್ದರು. ಅಲ್ಲಿ ದಾರಿ ಮುಚ್ಚಿದ ಮೇಲೆ ತಮ್ಮ ಜತೆಗಾರ ಇಂಜಿನಿಯರುಗಳೊಂದಿಗೆ ಇಲ್ಲಿಗೆ ಬಂದರು. ಅವರ ಸುತ್ತ ನಮ್ಮ ಹುಡುಗರು ಸೇರಿದರು. ಜೆಟ್ ವಿಮಾನದ ವಿನ್ಯಾಸ ಮಾಡಿ ಗೊತ್ತಿದ್ದವರು ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನಬಹುದಾದ ಕಾಲ. ಮಾಡುತ್ತಲೇ ಕಲಿತರು, ಕಲಿಯುತ್ತಲೇ ಮಾಡಿದರು.

ಅಳತೆ ಸರಿಯಿದೆಯೋ ಇಲ್ಲವೋ ನೋಡಲು ಮೊದಲು ಮರದ ವಿಮಾನ ಕಟ್ಟಿದರು. ಗೊಂಬೆಯಲ್ಲ, ನಿಜವಾದ ಗಾತ್ರದ್ದು. ಅದಕ್ಕೆ ಇಂಜಿನ್ ಇಲ್ಲ. ಡಕೋಟ ವಿಮಾನ ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಮೇಲೆ ಹೋಗುವುದು, ಎತ್ತರಕ್ಕೆ ಹೋದ ಮೇಲೆ ಹಗ್ಗ ಬಿಡುವುದು, ಒಳಗೆ ಕೂತ ಪೈಲಟ್ ಗಾಳಿಯಲ್ಲಿ ತೇಲಿಸಿಕೊಂಡು ಇಳಿಸುವುದು. ಇಳಿಯುವಾಗ ತಪ್ಪಿತು ಅಂತ ಇನ್ನೊಂದು ಸುತ್ತು ಹಾಕಿ ಬರೋಣ ಅಂದರೆ ಆಗದು. ಇಂಜಿನ್ನೇ ಇಲ್ಲವಲ್ಲ. ಸಿಗುವುದು ಒಂದೇ ಅವಕಾಶ. 1959ರಿಂದ 1960ರವರೆಗೆ ಇದನ್ನು 70ಕ್ಕೂ ಹೆಚ್ಚು ಸಲ ಹಾರಿಸಿ ಇಳಿಸಿದರು. 1960ರ ಮಾರ್ಚಿನಲ್ಲಿ ಮುಂಗಾಲಿನ ಚಕ್ರ ಹೊರಬರದೆ ಇಳಿದು ಅದು ಜಖಂ ಆಯಿತು. ಅಷ್ಟರೊಳಗೆ ಕಲಿಯಬೇಕಾದ್ದು ಕಲಿತಾಗಿತ್ತು.

ಮಾರುತ ಎದ್ದ ದಿನ

ವಿಮಾನಕ್ಕೆ ಎಚ್‌ಎಫ್-24 ಅಂತ ನಂಬರು, ಮಾರುತ ಅಂತ ಹೆಸರು. ಗಾಳಿಗೆ ಮಾರುತ ಅನ್ನುತ್ತಾರೆ, ಅವನ ಮಗ ಮಾರುತಿ. ಊರೂರಿಗೆ ಹನುಮಂತನ ಗುಡಿ ಇರುವ ನಮ್ಮ ಸೀಮೆಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗುತ್ತಿರಲಿಲ್ಲ.

1961ರ ಜೂನ್ 17. ವಿಂಗ್ ಕಮಾಂಡರ್ ಸುರಂಜನ್ ದಾಸ್ ಆಗ ಎಚ್‌ಎಎಲ್‌ನ ಮುಖ್ಯ ಪರೀಕ್ಷಾ ಪೈಲಟ್. ವಯಸ್ಸು ನಲವತ್ತು ದಾಟಿತ್ತು. ಅಂದು ಅವರು ಮಾರುತದಲ್ಲಿ ಕೂತು ಬೆಂಗಳೂರಿನ ಆಕಾಶಕ್ಕೆ ಏರಿದರು, ಸುಖವಾಗಿ ಇಳಿಸಿದರು. ಭಾರತದಲ್ಲೇ ವಿನ್ಯಾಸಗೊಂಡು ಭಾರತದಲ್ಲೇ ತಯಾರಾದ ಮೊದಲ ಜೆಟ್ ಯುದ್ಧವಿಮಾನ ಹಾರಿದ್ದು ಹಾಗೆ. ಒಂದು ವಾರ ಕಳೆದು, 24ರಂದು, ರಕ್ಷಣಾ ಸಚಿವ ಕೃಷ್ಣ ಮೆನನ್ ಎದುರಿಗೆ ಮತ್ತೆ ಹಾರಿಸಿ ತೋರಿಸಿದರು.

ಮೊದಲ ಹಾರಾಟದ ದಿನ ಹಾರ ತುರಾಯಿ, ಫೋಟೋ ಎಲ್ಲ ಇರುತ್ತದೆ. ಪರೀಕ್ಷಾ ಪೈಲಟ್‌ನ ನಿಜವಾದ ಕೆಲಸ ಶುರುವಾಗುವುದು ಮಾರನೇ ದಿನದಿಂದ. ಇವತ್ತು ಸ್ವಲ್ಪ ವೇಗ ಹೆಚ್ಚಿಸು, ನಾಳೆ ಇನ್ನು ಸ್ವಲ್ಪ. ಇವತ್ತು ಬರಿಗೈಯಲ್ಲಿ ಹೋಗು, ನಾಳೆ ಬಾಂಬ್ ಹೊತ್ತು ಹೋಗು. ಒಂದು ಇಂಜಿನ್ ಆರಿಸಿ ನೋಡು, ಮತ್ತೆ ಹೊತ್ತಿಸು. ವೇಗ ಕಡಿಮೆ ಮಾಡುತ್ತಾ ಹೋಗಿ ರೆಕ್ಕೆ ಎಲ್ಲಿ ಕೈಬಿಡುತ್ತದೆ ನೋಡು. ಒಂದೊಂದು ಹಾರಾಟಕ್ಕೂ ಮೊದಲೇ ಬರೆದ ಪಟ್ಟಿ, ಇಳಿದ ಮೇಲೆ ವರದಿ. ಈಗಿನ ಹಾಗೆ ವಿಮಾನದ ಒಳಗಿನ ಸಾವಿರಾರು ಅಂಕಿ ತನ್ನಷ್ಟಕ್ಕೆ ನೆಲದ ಕಂಪ್ಯೂಟರಿಗೆ ಬಂದು ಬೀಳುವ ಕಾಲ ಅದಲ್ಲ. ಪೈಲಟ್‌ನ ಕಣ್ಣು, ಕಿವಿ, ಬೆನ್ನುಮೂಳೆಗೆ ತಾಗುವ ನಡುಕ ಇವುಗಳೇ ಬಹುಮಟ್ಟಿಗೆ ಉಪಕರಣ.

ದಾಸ್ ಕೈಗೆ ಬಂದದ್ದು ಮಾರುತ ಒಂದೇ ಅಲ್ಲ. 1964ರ ಸೆಪ್ಟೆಂಬರ್ 4ರಂದು ಎಚ್‌ಎಎಲ್‌ನ ಜೆಟ್ ತರಬೇತಿ ವಿಮಾನ ಕಿರಣ್ ಮೊದಲ ಸಲ ಹಾರಿದಾಗಲೂ ಅದರಲ್ಲಿದ್ದವರು ಅವರೇ. ಗುರು ಶಿಷ್ಯರು ಅಕ್ಕಪಕ್ಕ ಕೂತು ಹಾರಿಸುವ ವಿಮಾನ ಅದು. ಮುಂದೆ ವಾಯುಪಡೆಯ ಎಷ್ಟೋ ತಲೆಮಾರಿನ ಹುಡುಗರು ಜೆಟ್ ಕಲಿತದ್ದು ಅದರಲ್ಲೇ. ನಮ್ಮ ಬೀದರಿನಲ್ಲಿ 1996ರಲ್ಲಿ ಕಟ್ಟಿದ ಸೂರ್ಯಕಿರಣ್ ತಂಡ ಆಕಾಶದಲ್ಲಿ ರಂಗೋಲಿ ಬಿಡಿಸಿದ್ದೂ 2011ರವರೆಗೆ ಇದೇ ಕಿರಣ್ ವಿಮಾನದಲ್ಲೇ.

ಮೈ ಇದೆ, ಕಸುವಿಲ್ಲ

ಮಾರುತದ ಮೈಕಟ್ಟು ಸೊಗಸು. ಸೊಂಟ ಸಣ್ಣ, ಮೂಗು ಚೂಪು, ರೆಕ್ಕೆ ಹಿಂದಕ್ಕೆ ಬಾಗಿದ್ದು. ಹಾರಿಸಿದವರೆಲ್ಲ ಮೆಚ್ಚಿದ ವಿಮಾನ. ಆದರೆ ಒಳಗೆ ಕೂರಿಸಿದ ಇಂಜಿನ್ ಸಾಲದು. ಎತ್ತಿನಗಾಡಿಗೆ ಕರು ಕಟ್ಟಿದಂತಾಯಿತು.

ಟ್ಯಾಂಕ್ ಲೆಕ್ಕ ಹಾಕಿದ್ದು ಬ್ರಿಟನ್ನಿನ ಓರ್ಫಿಯಸ್ 12 ಅನ್ನುವ ಇಂಜಿನ್ನಿನ ಮೇಲೆ. ಒಂದೊಂದೂ ಎಂಟು ಸಾವಿರ ಪೌಂಡಿಗೂ ಮೀರಿ ತಳ್ಳಬಲ್ಲದ್ದು. ಅಂಥವು ಎರಡು ಇದ್ದರೆ ಮಾರುತ ಶಬ್ದದ ವೇಗವನ್ನು ಹಿಂದೆ ಹಾಕುತ್ತಿತ್ತು. ಆದರೆ ಬ್ರಿಟನ್ನಿಗೆ ಆ ಇಂಜಿನ್ ಬೇಡವಾಯಿತು. ಬೇಕಾದರೆ ಮುಂದಿನ ಅಭಿವೃದ್ಧಿಯ ಖರ್ಚು ಭಾರತ ಕೊಡಲಿ ಎಂದಾಯಿತು. ದೆಹಲಿ ದುಡ್ಡು ಬಿಚ್ಚಲಿಲ್ಲ. ವಿಮಾನಕ್ಕೆ ಖರ್ಚು ಮಾಡಲು ತಯಾರು, ಅದರ ಗುಂಡಿಗೆಗೆ ಖರ್ಚು ಮಾಡಲು ತಯಾರಿಲ್ಲ. ಕೊನೆಗೆ ನ್ಯಾಟ್ ವಿಮಾನಕ್ಕಾಗಿ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಓರ್ಫಿಯಸ್ ಇಂಜಿನ್ನಿನ ಬಳಗದ್ದನ್ನೇ, 4,850 ಪೌಂಡ್ ತಳ್ಳುವುದನ್ನು, ಎರಡು ಕೂರಿಸಿದರು. ಶಬ್ದದ ಎರಡರಷ್ಟು ವೇಗಕ್ಕೆ ಹುಟ್ಟಿದ ವಿಮಾನ ಶಬ್ದದ ವೇಗದ ಹೊಸ್ತಿಲಲ್ಲೇ ನಿಂತಿತು.

ಬೇರೆ ಇಂಜಿನ್ನಿಗಾಗಿ ಅಲೆದ ಕತೆ ದೊಡ್ಡದು. ರಷ್ಯದ ಇಂಜಿನ್ ನೋಡಿದರು, ಹೊಂದಲಿಲ್ಲ. ಈಜಿಪ್ಟಿನಲ್ಲಿ ಆಸ್ಟ್ರಿಯದ ಬ್ರಾಂಡ್ನರ್ ಅನ್ನುವವರು ಮಾಡುತ್ತಿದ್ದ ಇಂಜಿನ್ ಇದೆ ಅಂತ ಗೊತ್ತಾಗಿ ಒಂದು ಮಾರುತವನ್ನೇ ಅಲ್ಲಿಗೆ ಕಳಿಸಿದರು. 1967ರಲ್ಲಿ ಅದು ಅಲ್ಲಿ ಹಾರಿತು ಕೂಡ. ಅದೇ ವರ್ಷ ಇಸ್ರೇಲಿನೊಂದಿಗೆ ಯುದ್ಧವಾಯಿತು, ಮುಂದೆ ಎರಡು ವರ್ಷದಲ್ಲಿ ಆ ಬಾಗಿಲೂ ಮುಚ್ಚಿತು.

ಉಳಿದದ್ದು ಒಂದೇ ಉಪಾಯ. ಇರುವ ಓರ್ಫಿಯಸ್ಸಿಗೇ ರೀಹೀಟ್ ಅಳವಡಿಸುವುದು. ಇಂಜಿನ್ನಿನಿಂದ ಹೊರಬರುವ ಬಿಸಿಗಾಳಿಯಲ್ಲಿ ಇನ್ನೂ ಸುಡದ ಆಮ್ಲಜನಕ ಉಳಿದಿರುತ್ತದೆ. ಬಾಲದ ಕೊಳವೆಯಲ್ಲಿ ಅದಕ್ಕೆ ಮತ್ತೆ ಇಂಧನ ಚಿಮ್ಮಿಸಿ ಉರಿಸಿದರೆ ಇನ್ನಷ್ಟು ಜೋರಾಗಿ ತಳ್ಳುತ್ತದೆ. ಉರಿಯುವ ಒಲೆಗೆ ಸೀಮೆಎಣ್ಣೆ ಎರಚಿದ ಹಾಗೆ. ಇಂಧನ ಕುಡಿಯುತ್ತದೆ, ಆದರೆ ಬಲ ಬರುತ್ತದೆ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯವರು ಇದರ ಹಿಂದೆ ಬಿದ್ದರು. ಹೇಳಿದಷ್ಟು ಸಲೀಸಲ್ಲ. ಕೊಳವೆ ದಪ್ಪ ಆಗಬೇಕು, ಅದಕ್ಕೆ ವಿಮಾನದ ಹಿಂಭಾಗವನ್ನೇ ತಿದ್ದಬೇಕು. ತಿದ್ದಿದರೆ ಗಾಳಿಯ ಎಳೆತ ಹೆಚ್ಚುತ್ತದೆ. ಒಂದು ಕೈಯಲ್ಲಿ ಗಳಿಸಿದ್ದು ಇನ್ನೊಂದು ಕೈಯಲ್ಲಿ ಸೋರಿಹೋಗುವ ಲೆಕ್ಕ.

ಈ ರೀಹೀಟ್ ಮಾರುತದ ಪರೀಕ್ಷೆಗೆ ಕೂತವರೂ ದಾಸ್ ಅವರೇ. ಅಷ್ಟರಲ್ಲಿ ಅವರು ಗ್ರೂಪ್ ಕ್ಯಾಪ್ಟನ್. ಐವತ್ತರ ಹತ್ತಿರ ಬಂದಿದ್ದವರು ಕುರ್ಚಿಯಲ್ಲಿ ಕೂತು ಕಿರಿಯರನ್ನು ಕಳಿಸಬಹುದಿತ್ತು. ಕಳಿಸಲಿಲ್ಲ.

ಜನವರಿ ಹತ್ತು

1970ರ ಜನವರಿ 10ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೇಲೇಳುವಾಗಲೇ ಆ ವಿಮಾನ ಬಿತ್ತು. ದಾಸ್ ಉಳಿಯಲಿಲ್ಲ.

ಮೇಲೇಳುವ ಹೊತ್ತು ಯಾವ ವಿಮಾನಕ್ಕಾದರೂ ಕೆಟ್ಟ ಹೊತ್ತು. ಟ್ಯಾಂಕಿನ ತುಂಬ ಇಂಧನ, ವಿಮಾನ ಭಾರ, ವೇಗ ಇನ್ನೂ ಕೂಡಿಲ್ಲ, ಕೆಳಗೆ ನೆಲ ಹತ್ತಿರ. ಇಪ್ಪತ್ತು ಸಾವಿರ ಅಡಿಯಲ್ಲಿ ತೊಂದರೆಯಾದರೆ ಯೋಚಿಸಲು ನಿಮಿಷಗಳಿರುತ್ತವೆ. ಇಲ್ಲಿ ಇರುವುದು ಎರಡು ಮೂರು ಸೆಕೆಂಡು. ಮಾರುತದಲ್ಲಿ ಪೈಲಟ್‌ನನ್ನು ಆಸನ ಸಮೇತ ಹೊರಗೆ ಎಸೆಯುವ ಬ್ರಿಟನ್ನಿನ ಮಾರ್ಟಿನ್-ಬೇಕರ್ ಇಜೆಕ್ಷನ್ ಸೀಟು ಇತ್ತು, ನಿಜ. ಆದರೆ ಆ ಕಾಲದ ಸೀಟು ಸಿಡಿಮದ್ದಿನ ಕೊಳವೆಯಿಂದ ಎಸೆಯುವಂಥದ್ದು. ನೆಲಮಟ್ಟದಲ್ಲಿ ಅದು ಕೆಲಸ ಮಾಡಬೇಕಾದರೆ ವಿಮಾನ ಗಂಟೆಗೆ ಸುಮಾರು 165 ಕಿಲೋಮೀಟರಾದರೂ ಓಡುತ್ತಿರಬೇಕು, ಮೇಲಾಗಿ ಸಮತಟ್ಟಾಗಿರಬೇಕು. ವಿಮಾನ ವಾಲಿದ್ದರೆ, ಕುಸಿಯುತ್ತಿದ್ದರೆ ಆ ಲೆಕ್ಕವೆಲ್ಲ ತಲೆಕೆಳಗು. ನಿಂತಲ್ಲಿಂದಲೇ ಎತ್ತಿ ಎಸೆಯುವ ರಾಕೆಟ್ ಸೀಟುಗಳು ಎಲ್ಲ ಕಡೆ ರೂಢಿಗೆ ಬಂದದ್ದು ಆಮೇಲೆ. ಈಗಿನ ತೇಜಸ್‌ನಲ್ಲಿ ಇರುವುದು ಅಂಥದ್ದೇ.

ಆ ವರ್ಷವೇ ಸರ್ಕಾರ ದಾಸ್ ಅವರಿಗೆ ಮರಣೋತ್ತರವಾಗಿ ಪದ್ಮ ಗೌರವ ಕೊಟ್ಟಿತು. ಬೆಂಗಳೂರು ರಸ್ತೆಗೆ ಹೆಸರಿಟ್ಟಿತು. ತಂದೆ ಸುಧಿ ರಂಜನ್ ದಾಸ್ ಮಗ ಹೋದ ಮೇಲೆ ಇನ್ನೂ ಏಳು ವರ್ಷ ಬದುಕಿದ್ದರು. ಹಿರಿಯರ ಕಣ್ಣೆದುರು ಕಿರಿಯರು ಹೋಗಬಾರದು ಅಂತ ಎಲ್ಲ ಊರಿನಲ್ಲೂ ಅನ್ನುತ್ತಾರೆ. ಮುಖ್ಯ ನ್ಯಾಯಮೂರ್ತಿಯ ಮನೆಗೆ ಅದರಿಂದ ವಿನಾಯಿತಿ ಸಿಗಲಿಲ್ಲ.

ವ್ಯರ್ಥವಾಯಿತೇ?

ರೀಹೀಟ್ ಮಾರುತ ವಾಯುಪಡೆಗೆ ಸೇರಲೇ ಇಲ್ಲ. ಹಾಗಾದರೆ ದಾಸ್ ಪಟ್ಟ ಪಾಡು ವ್ಯರ್ಥವೇ? ಉತ್ತರ 1971ರ ಡಿಸೆಂಬರಿನಲ್ಲಿದೆ. ಅವರು ತಿದ್ದಿ ತೀಡಿದ ಮಾಮೂಲಿ ಮಾರುತ 1967ರಿಂದಲೇ ವಾಯುಪಡೆಯಲ್ಲಿತ್ತು. ದಾಸ್ ತೀರಿಕೊಂಡು ಎರಡು ವರ್ಷ ಆಗುವ ಮುಂಚೆ ಪಾಕಿಸ್ತಾನದೊಡನೆ ಯುದ್ಧ ಬಂತು. ರಾಜಸ್ಥಾನದ ಮರುಭೂಮಿಯ ಮೇಲೆ 10ನೇ ಮತ್ತು 220ನೇ ಸ್ಕ್ವಾಡ್ರನ್‌ಗಳ ಮಾರುತಗಳು ಕೆಳಮಟ್ಟದಲ್ಲಿ ಹಾರಿ ಟ್ಯಾಂಕು, ರೈಲು, ಇಂಧನದ ಉಗ್ರಾಣಗಳ ಮೇಲೆ ಎರಗಿದವು. ನೆಲದಿಂದ ಹಾರಿದ ಗುಂಡಿಗೆ ಕೆಲವು ಬಿದ್ದವು. ಆದರೆ ಆಕಾಶದ ಕಾಳಗದಲ್ಲಿ ಶತ್ರು ವಿಮಾನಕ್ಕೆ ಒಂದು ಮಾರುತವೂ ಬಲಿಯಾಗಲಿಲ್ಲ. ತಿರುಗಿ ಒಂದು ಮಾರುತವೇ ಪಾಕಿಸ್ತಾನದ ಸೇಬರ್ ಜೆಟ್ಟೊಂದನ್ನು ಉರುಳಿಸಿತು.

ಇನ್ನೂ ಮುಖ್ಯವಾದ ಮಾತು ಒಂದಿದೆ. ಗುಂಡೇಟು ತಿಂದು ಒಂದು ಇಂಜಿನ್ ಸತ್ತ ಮೇಲೂ ಇನ್ನೊಂದರ ಬಲದಿಂದ ಮಾರುತಗಳು ಮನೆಗೆ ಮರಳಿದ ಉದಾಹರಣೆಗಳಿವೆ. ಹೈಡ್ರಾಲಿಕ್ ಒಡೆದು ಹೋದರೆ ಪೈಲಟ್ ತನ್ನ ತೋಳ್ಬಲದಿಂದಲೇ ರೆಕ್ಕೆಯ ಅಂಚುಗಳನ್ನು ಆಡಿಸಿ ಇಳಿಸುವ ವ್ಯವಸ್ಥೆಯೂ ಅದರಲ್ಲಿತ್ತು. ಒಂಟಿ ಇಂಜಿನ್ನಿನಲ್ಲಿ ಇದು ಎಷ್ಟು ಹೊತ್ತು ಹಾರುತ್ತದೆ, ಕೈಯಿಂದ ಎಳೆದರೆ ಮಾತು ಕೇಳುತ್ತದೋ ಇಲ್ಲವೋ, ಇದೆಲ್ಲ ಯುದ್ಧದ ದಿನ ಕಂಡುಕೊಳ್ಳುವ ಸಂಗತಿಯಲ್ಲ. ಬೆಂಗಳೂರಿನ ಮೇಲೆ ಶಾಂತವಾದ ಬೆಳಗುಗಳಲ್ಲಿ ಪರೀಕ್ಷಾ ಪೈಲಟ್‌ಗಳು ಅದನ್ನು ಮೊದಲೇ ನೋಡಿಟ್ಟಿದ್ದರು. ಮರುಭೂಮಿಯಿಂದ ಬದುಕಿ ಬಂದ ಹುಡುಗರ ಲೆಕ್ಕದಲ್ಲಿ ದಾಸ್ ಅವರ ಪಾಲೂ ಇದೆ.

ಒಟ್ಟು 147 ಮಾರುತಗಳು ತಯಾರಾದವು. ಇಂಜಿನ್ ಸಿಕ್ಕಲಿಲ್ಲ, ಮುಂದಿನ ಮಾದರಿ ಬರಲಿಲ್ಲ, ಬೇರೆ ದೇಶದ ವಿಮಾನ ಕೊಳ್ಳುವುದೇ ಸಲೀಸು ಅಂತ ದೆಹಲಿಗೆ ತೋರಿತು. 1990ರ ಹೊತ್ತಿಗೆ ಮಾರುತ ಮೂಲೆ ಸೇರಿತು. ಈಗ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಶಾಲೆಯ ಮಕ್ಕಳು ಎದುರಿಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದರ ನಂತರ ನಮ್ಮದೇ ವಿನ್ಯಾಸದ ಇನ್ನೊಂದು ಜೆಟ್ ಯುದ್ಧವಿಮಾನ, ತೇಜಸ್, ಇದೇ ಬೆಂಗಳೂರಿನಿಂದ ಹಾರಿದ್ದು 2001ರ ಜನವರಿ 4ರಂದು. ನಡುವೆ ಕಳೆದದ್ದು ನಲವತ್ತು ವರ್ಷಕ್ಕೆ ಒಂದಿಷ್ಟು ಕಡಿಮೆ. ಆ ತೇಜಸ್ಸಿಗೂ ಅಮೆರಿಕದ ಇಂಜಿನ್. ಹಳೇ ಪಾಠವನ್ನು ನಾವು ಎಷ್ಟು ಕಲಿತೆವು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕಲಿತಿದ್ದೇವೆ. ಪರೀಕ್ಷಾ ಪೈಲಟ್‌ಗಳನ್ನು ತಯಾರು ಮಾಡಲು ಈಗ ಫಾರ್ನ್‌ಬರೋಗೆ ಹೋಗಬೇಕಾಗಿಲ್ಲ. 1973ರಿಂದ ವಾಯುಪಡೆಯ ಸ್ವಂತ ಶಾಲೆ ಬೆಂಗಳೂರಿನಲ್ಲೇ ಇದೆ. ಆದರೆ ಕೆಲಸದ ಅಪಾಯ ಹಾಗೇ ಇದೆ. 2009ರ ಮಾರ್ಚಿನಲ್ಲಿ ಬಿಡದಿ ಹತ್ತಿರ ಸಾರಸ್ ವಿಮಾನ ಬಿದ್ದು ಇಬ್ಬರು ಪರೀಕ್ಷಾ ಪೈಲಟ್‌ಗಳು, ಒಬ್ಬ ಇಂಜಿನಿಯರ್ ಸತ್ತರು. 2019ರ ಫೆಬ್ರುವರಿ 1ರಂದು ಎಚ್‌ಎಎಲ್ ನಿಲ್ದಾಣದಲ್ಲೇ, ಮೇಲೇಳುವ ಹೊತ್ತಿನಲ್ಲೇ, ಮಿರಾಜ್ ವಿಮಾನ ಅಪಘಾತಕ್ಕೀಡಾಗಿ ಇಬ್ಬರು ತರುಣ ಪರೀಕ್ಷಾ ಪೈಲಟ್‌ಗಳು ಹೋದರು. ವಿಮಾನ ಬಿದ್ದ ದಿನ ಟಿವಿಯವರು ಬರುತ್ತಾರೆ, ಮಂತ್ರಿಗಳು ಸಂತಾಪ ಸೂಚಿಸುತ್ತಾರೆ, ಒಂದು ವಾರದಲ್ಲಿ ಊರು ಮರೆಯುತ್ತದೆ.

ವಿಮಾನ ತಯಾರಿಸುವ ದೇಶ ಅಂತ ಎದೆ ಉಬ್ಬಿಸುವುದು ಸುಲಭ. ಎಷ್ಟು ವೇಗ ಹೋಗುತ್ತದೆ, ಎಷ್ಟು ಬಾಂಬ್ ಹೊರುತ್ತದೆ ಅನ್ನುವುದನ್ನು ಬಾಯಿಪಾಠ ಒಪ್ಪಿಸುವವರು ಬೇಕಾದಷ್ಟು ಸಿಗುತ್ತಾರೆ. ಆ ಅಂಕಿ ಒಂದೊಂದನ್ನೂ ಯಾರೋ ಮೈಯೊಡ್ಡಿ ಅಳೆದು ತಂದಿರುತ್ತಾರೆ. ಇಂಜಿನ್ನಿಗೆ ಕೊಡದೆ ಉಳಿಸಿದ ದುಡ್ಡಿನ ಬಾಕಿ ಕೊನೆಗೆ ಬಂದು ನಿಲ್ಲುವುದೂ ಅಂಥವರ ಮುಂದೆಯೇ. ಸುರಂಜನ್ ದಾಸ್ ಕೊನೆಯ ಸಲ ಹತ್ತಿದ ವಿಮಾನದಲ್ಲಿ ಅಂಥದೊಂದು ಬಾಕಿ ಇತ್ತು. ಅದು ಗೊತ್ತಿದ್ದೂ ಹತ್ತಿದರು.